ಜೇನುತುಪ್ಪಕ್ಕೆ ಬತ್ತಿ ಪರೀಕ್ಷೆ

ಇವತ್ತು ನಾನೂ ಮಗಳೂ ಈ ಪರದೇಶದಲ್ಲಿ ನಾವಿರುವ ರೌಂಡ್ ರಾಕ್ ಊರಿನಿಂದ ಡ್ರೈವ್ ಮಾಡಿಕೊಂಡು ಹೋಗಿ, ಒಂದು ಕುಟುಂಬ ನಡೆಸುವ ಜೇನುತೋಟದಿಂದ ಕಾಯಿಸದ ಜೇನುತುಪ್ಪ ತಂದೆವು. ಆ ಮನೆಯಾಕೆ ನಮ್ಮೆದುರೇ ಜೇನುಪೆಟ್ಟಿಗೆ ತೆರೆದು, ಎರಿಯ ಮೇಣ ಕೆರೆದು, ತುಪ್ಪ ಇಳಿಸಿ ಬಾಟಲಿ ತುಂಬಿಕೊಟ್ಟರು. ಮೇಣದ ವಾಸನೆಗೆ ಮೈಸೂರಿನ ನಮ್ಮ ಅಡುಗೆಮನೆ ನೆನಪಾಯಿತು.

ಜೇನು ಮಾರುವವರನ್ನು ಅಪ್ಪ ನಂಬುತ್ತಲೇ ಇರಲಿಲ್ಲ. ಬಾಗಿಲಿಗೆ ಬಂದವರಿಂದ ಕೊಂಡ ಕೂಡಲೇ ದೇವರಮನೆಯಿಂದ ಹತ್ತಿಯ ಬತ್ತಿ ತಂದು, ಜೇನಿನಲ್ಲಿ ಅದ್ದಿ, ಕಡ್ಡಿ ಗೀರುತ್ತಿದ್ದರು. ಉರಿದರೆ ಅಸಲಿ, ಚಟಪಟ ಅಂದರೆ ಬೆಲ್ಲದ ಪಾಕ. ನಾನೂ ತಮ್ಮನೂ ಚಮಚ ಹಿಡಿದು ಕಾಯುತ್ತಿದ್ದೆವು. ಒಂದು ಸಲ ಬತ್ತಿ ಚೆನ್ನಾಗಿಯೇ ಉರಿಯಿತು. ನಾವು ಬಾಟಲಿಗೆ ಕೈ ಹಾಕಿದೆವು.

"ತಡೀರೋ, ಬತ್ತೀಲಿ ಎಣ್ಣೆ ಇತ್ತೇನೋ. ಇನ್ನೊಂದ್ಸಲ ನೋಡೋಣ" ಅಂದರು ಅಪ್ಪ.

"ನೀವು ನೋಡ್ತಾನೇ ಇರಿ" ಅಂತ ಅಮ್ಮ ಬಾಟಲಿ ಕಿತ್ತುಕೊಂಡು ನಮ್ಮ ಚಮಚಕ್ಕೆ ಸುರಿದಳು.

ಇವತ್ತು ಮನೆಗೆ ಬಂದವಳೇ ನಾನೂ ಬತ್ತಿ ಅದ್ದಿದೆ. "ಜೇನುಹುಳಾನೇ ನೋಡ್ಕೊಂಡು ಬಂದ್ವಲ್ಲಮ್ಮಾ?" ಅಂತ ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಅವಳ ಕೈಯಲ್ಲಿ ಚಮಚ ಇತ್ತು.

ಬತ್ತಿ ಚೆನ್ನಾಗಿಯೇ ಉರಿಯಿತು.

ನಾನು ಇನ್ನೊಂದು ಬತ್ತಿ ತೆಗೆದೆ.