ಜೋಳದ ಗಡಿಗೆಯ ಉಸುಕು

ಹುಬ್ಬಳ್ಳಿಯಲ್ಲಿ ನಮ್ಮವರದೂ ಒಂದು ಕಾಲೇಜು ಬೇಕೆಂದು ಓಣಿ ಓಣಿಯ ಜನ ಹಟ ಹಿಡಿದ ದಿನಗಳವು. ಪಾಠಗಳು ಬಾಡಿಗೆಯ ಅರಳೆ ಗೋದಾಮಿನಲ್ಲಿ ನಡೆಯುತ್ತಿದ್ದವು. ಧಾರವಾಡದ ರಸ್ತೆಯಲ್ಲಿ, ಜಾಲಿ ಕಡಿದ ಎರೆಹೊಲದಲ್ಲಿ ಕಟ್ಟಡ ಏಳುತ್ತಿತ್ತು. ಹಳ್ಳಿಯಿಂದ ಓದಲು ಬಂದ ಹುಡುಗರ ಊಟಕ್ಕೆಂದು ಮನೆಮನೆಯಲ್ಲಿ ಒಂದು ಗಡಿಗೆ ಇಟ್ಟಿದ್ದರು. ಬೆಳಿಗ್ಗೆ ಬೀಸುವ ಮೊದಲು ಅದಕ್ಕೆ ತಲೆಗೊಂದು ಹಿಡಿ ಜೋಳ ಹಾಕಬೇಕು. ಶನಿವಾರ ವಿದ್ಯಾರ್ಥಿಗಳೇ ಚಕ್ಕಡಿ ಹೊಡೆದುಕೊಂಡು ಬಂದು ಒಯ್ಯುತ್ತಿದ್ದರು.

ನಮ್ಮ ಮನೆಯಲ್ಲಿ ಜೋಳ ಹಾಕುವ ಕೆಲಸ ನನ್ನದು. ಅಣ್ಣ ಆ ಕಾಲೇಜಿಗೆ ಹೋಗುತ್ತಿದ್ದ. ನನ್ನನ್ನು ಮೂರನೇ ಇಯತ್ತೆಗೇ ಸಾಲೆ ಬಿಡಿಸಿದ್ದರು. ನನಗೆ ಹೊಟ್ಟೆಕಿಚ್ಚು. ಒಂದು ವಾರ ಅವ್ವ ಬಟ್ಟೆ ಒಗೆಯಲು ಹೋದಾಗಲೆಲ್ಲ ಆ ಜೋಳವನ್ನು ಹಂಚಿನ ಮೇಲೆ ಅರಳು ಹುರಿದು ಬೆಲ್ಲದ ಜತೆ ತಿಂದೆ. ಘಮ ಹೊರಗೆ ಹೋದೀತೆಂದು ಬಾಗಿಲು ಮುಚ್ಚಿದ್ದೆ. ಮಿಕ್ಕದ್ದನ್ನು ಗುಬ್ಬಿಗಳಿಗೆ ಚೆಲ್ಲಿದೆ. ಶುಕ್ರವಾರ ಗಡಿಗೆಗೆ ಹಳ್ಳದ ಉಸುಕು ತುಂಬಿ, ಮೇಲೆ ನಾಲ್ಕು ಹಿಡಿ ಜೋಳ ಹರಡಿದೆ.

ಮರುದಿನ ಚಕ್ಕಡಿ ತಂದವನು ಅಣ್ಣನೇ. ಅವನ ಗೆಳೆಯನೊಬ್ಬ ಗಡಿಗೆ ಎತ್ತಲು ಹೋಗಿ ನಕ್ಕ. “ಎಷ್ಟ್ ವಜ್ಜಾ ಐತಲೇ! ನಿಮ್ಮವ್ವ ಭಾಳ ದೊಡ್ಡ ಕೈಯಾಕಿ ಬಿಡು.”

ಅಣ್ಣ ಒಳಗೆ ಕೈ ಹಾಕಿದ. ಬೆರಳಿಗೆ ಉಸುಕು ಹತ್ತಿತು. ನನ್ನ ಮುಖ ನೋಡಿದ. ಕಟ್ಟೆಯ ಮೇಲೆ ಅವ್ವ, ಓಣಿಯ ಹೆಂಗಸರು. ಅವನು ಒಂದು ಮಾತಾಡಿದ್ದರೆ ಅವ್ವ ಮತ್ತೆ ಓಣಿಯಲ್ಲಿ ತಲೆಯೆತ್ತುವಂತಿರಲಿಲ್ಲ.

“ಬಿಡೋ, ನಮ್ಮನೀದು ನಾನ ಹೊರತೇನಿ,” ಎಂದು ಗಡಿಗೆಯನ್ನು ಹೆಗಲಿಗೇರಿಸಿದ.

ಸಂಜೆ ನನ್ನನ್ನು ಹಿತ್ತಲಿಗೆ ಕರೆದ. “ಯಾಕ ಹಿಂಗ ಮಾಡಿದಿ ತಂಗಿ?”

“ನನ್ನ ಸಾಲಿ ಬಿಡಿಸ್ಯಾರ. ನಿಮ್ಮ ಕಾಲೇಜಿಗೆ ನಾ ಯಾಕ ಜ್ವಾಳ ಹಾಕ್ಲಿ?”

ಅವನು ಹೆಗಲ ಮೇಲೆ ಉಳಿದಿದ್ದ ಉಸುಕನ್ನು ಕೊಡವಿಕೊಂಡ. ಆಮೇಲೆ, “ಉಸುಕ ಕಾಲೇಜ್ ಕಟ್ಟೂ ಗೌಂಡ್ಯಾರಿಗೆ ಕೊಟ್ಟೇನಿ, ಗ್ವಾಡಿಗೆ ಬರತೈತಿ. ಅವ್ವಗ ಹೇಳಬ್ಯಾಡ,” ಎಂದ.

ಹೋದ ಜೀವ ಬಂದಂತಾಯಿತು. ಅಳುತ್ತಲೇ ನಕ್ಕುಬಿಟ್ಟೆ. ಅಂದು ರಾತ್ರಿ ಉಂಡ ರೊಟ್ಟಿಯಷ್ಟು ಮತ್ತೆ ಯಾವ ಊಟವೂ ರುಚಿಸಿಲ್ಲ.

ಮುಂದಿನ ವಾರವೆಲ್ಲ ಅಣ್ಣ ತನ್ನ ಬುತ್ತಿಯನ್ನು ಆ ಹಳ್ಳಿಯ ಹುಡುಗರಿಗೆ ಕೊಟ್ಟು ಹಸಿದಿದ್ದನಂತೆ. ಅದನ್ನು ಆ ಗೆಳೆಯ ನನಗೆ ಹೇಳಿದ್ದು ಅಣ್ಣ ತೀರಿಕೊಂಡ ಮೇಲೆ. ತಪ್ಪಾಯಿತೆಂದು ಹೇಳಲು ಆಗ ಯಾರಿದ್ದರು?

ಕಾಲೇಜು ಈಗ ದೊಡ್ಡದಾಗಿದೆ. ಒಂದು ಹಿಡಿ ಜೋಳ ಹಾಕಿರೆಂದು ಯಾರೂ ಬಾಗಿಲಿಗೆ ಬರುವುದಿಲ್ಲ. ಅಂದು ಹಾಕದವಳು ಇದನ್ನು ಹೇಳಬಾರದು. ಆದರೂ ಯಾರಾದರೂ ಬಂದು ಕೇಳಿದರೆ ಚೆನ್ನಾಗಿತ್ತು ಎನಿಸುತ್ತದೆ.