ವೈನಿಯ ಮೈಗಳ್ಳತನ

“ತವರಿಗೆ ಕಳಸ್ತೇನಿ ಅಂತ ಅತ್ತಿ ಗದರಿಸಿದ್ಳು, ಸೊಸಿ ನೆಟ್ಟಗಾದ್ಳು.” ನನ್ನ ಅಣ್ಣನ ಹೆಂಡತಿ, ಅಂದರೆ ನನ್ನ ವೈನಿಯ ಕುರಿತು ನಮ್ಮ ಬಳಗದಲ್ಲಿ ಇಂದಿಗೂ ಚಲಾವಣೆಯಲ್ಲಿರುವ ಇತಿಹಾಸ ಇಷ್ಟೇ. ಇದನ್ನು ಹೇಳುತ್ತ ಬಂದವಳು ನನ್ನ ತಾಯಿಯೇ ಆದ್ದರಿಂದ ಯಾರೂ ಆಧಾರ ಕೇಳಲಿಲ್ಲ. ನಾನು ಕೇಳುವವನು.

ಎಪ್ಪತ್ತರ ದಶಕ, ಇಂಡಿ ಎಂಬ ಊರಿನ ನಮ್ಮ ಮನೆ. ವೈನಿ ಹೊಸತಾಗಿ ಬಂದಾಗ ಅವರು ರೊಟ್ಟಿ ಬಡಿಯುವ ಸದ್ದಿಗೆ ಓಣಿಯೇ ಏಳುತ್ತಿತ್ತು. ಎರಡನೆಯ ಹೆರಿಗೆಯ ಬಳಿಕ ಆ ಸದ್ದು ನಿಧಾನವಾಯಿತು. ಮುಖ ಊದಿತು, ಧ್ವನಿ ಗೊಗ್ಗರಾಯಿತು. ಬೇಸಿಗೆಯ ನಡುಹಗಲು ನಾವೆಲ್ಲ ಬೀಸಣಿಕೆ ಹಿಡಿದು ಕುಳಿತಿದ್ದರೆ, ಅವರು ಕೌದಿ ಹೊದ್ದು ಮಲಗುತ್ತಿದ್ದರು.

“ನೋಡ್ರಿ ನಾಟಕ! ಇಂಥಾ ಬಿಸಲಾಗ ಥಂಡಿ ಅಂತ!” ಎಂದಳು ತಾಯಿ. “ಬರೂ ಪಂಚಮಿಗೆ ಅಗರಖೇಡಕ್ಕ ತವರಿಗೆ ಹೋದಾಕಿ ಅಲ್ಲೇ ಇರ್ಲಿ. ನನ್ನ ಮಗಗ ಬ್ಯಾರೆ ನೋಡ್ತೇನಿ.”

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಜಾರಿಕೊಂಡ. ಆ ಗುಣಕ್ಕೆ ಯಾವ ಗ್ರಂಥಿ ಕಾರಣವೋ, ನಾನಿನ್ನೂ ಕಂಡುಕೊಂಡಿಲ್ಲ.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ವಾಚನಾಲಯದ ಪುಸ್ತಕವೊಂದರಲ್ಲಿ ಇದೇ ಲಕ್ಷಣಗಳನ್ನು ಓದಿದ್ದೆ. ಹಟ ಹಿಡಿದು ಅತ್ತೆ ಸೊಸೆ ಇಬ್ಬರನ್ನೂ ಸಿಂದಗಿಯ ವೈದ್ಯರಲ್ಲಿಗೆ ಕರೆದೊಯ್ದೆ. ಅವರು ವೈನಿಯ ಹಿಮ್ಮಡಿಗಿಂತ ತುಸು ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಜಿಗಿದ ಪಾದ ತೀರ ಸಾವಕಾಶವಾಗಿ ಮರಳಿತು; ಪುಸ್ತಕ ಹೇಳಿದ್ದ ಗುರುತೂ ಅದೇ.

“ಅವ್ವಾರ, ಕುತ್ತಿಗ್ಯಾಗ ಥೈರಾಯ್ಡ್ ಅಂತ ಒಂದು ಗ್ರಂಥಿ ಐತ್ರಿ. ಮೈ ಬೆಚ್ಚಗಿಡೂ ರಸ ಅದರದು. ಅದು ಸೋತೈತಿ. ತಲ್ಯಾಗಿನ ಇನ್ನೊಂದು ಗ್ರಂಥಿ ‘ಕೆಲಸ ಮಾಡು, ಕೆಲಸ ಮಾಡು’ ಅಂತ ಅದಕ್ಕ ಒಂದಸವನ ಒದರಾಕತ್ತೈತಿ.”

“ಒದರಿದ್ರೂ ಮಾಡೂದಿಲ್ಲೇನ್ರಿ?” ಎಂದಳು ತಾಯಿ.

“ಶಕ್ತಿನ ಇಲ್ರಿ ಅದಕ್ಕ. ಗುಳಿಗಿ ಕೊಡಬೇಕು.”

ವೈನಿ ತಲೆ ತಗ್ಗಿಸಿಕೊಂಡೇ ಅಂದರು: “ಅಂದ್ರ ನನ್ನ ಮೈಯಾಗೂ ಒಬ್ಬಾಕಿ ಅತ್ತಿ ಅದಾಳ್ರಿ.”

ಎರಡು ತಿಂಗಳಲ್ಲಿ ರೊಟ್ಟಿಯ ಸದ್ದು ಮರಳಿತು. ಪಂಚಮಿಗೆ ಹೋದ ವೈನಿಯನ್ನು ಕರೆತರಲು ತಾಯಿಯೇ ಅಣ್ಣನನ್ನು ಕಳಿಸಿದಳು. ಆದರೆ ಗುಣವಾದದ್ದು ಮಾತ್ರ ತನ್ನ ಬಾಯಿಂದಲೇ ಎಂದಳು. ನನ್ನ ಆಕ್ಷೇಪ ಸರಳ. ಮರುವರ್ಷದ ಮಳೆಗಾಲದಲ್ಲಿ ಅಂಗಡಿಯಲ್ಲಿ ಗುಳಿಗೆ ಸಿಗದೆ ಆರು ವಾರ ನಿಂತುಹೋಯಿತು, ವೈನಿ ಮತ್ತೆ ಮಂಕಾದರು. ಆ ಆರು ವಾರವೂ ತಾಯಿಯ ಬಾಯಿಗೆ ರಜೆ ಇರಲಿಲ್ಲ. ಗುಳಿಗೆ ಬಂದ ಮೇಲೆಯೇ ಅವರು ಚೇತರಿಸಿಕೊಂಡದ್ದು.

ವೈನಿ ಈಗಲೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ವೈದ್ಯರ ಎರಡನೆಯ ಚೀಟಿಯೂ ಅವರ ಟ್ರಂಕಿನಲ್ಲಿದೆ. “ಆರು ವಾರ ಗುಳಿಗೆ ಇಲ್ಲ. ಮುಖದಲ್ಲಿ ಮತ್ತೆ ಊತ” ಎಂದು ಅದರಲ್ಲಿ ತಾರೀಖು ಸಮೇತ ಬರೆದಿದೆ. ನಂಬದವರು ಬಂದು ಓದಬಹುದು.