ಜಾಲರಿ ದಾಟದ ನೊಣಗಳು

ಜೇನುಗೂಡಿನಲ್ಲಿ ಒಮ್ಮೊಮ್ಮೆ ಒಂದು ಮಗ್ಗುಲು ಹೆಣ್ಣು, ಇನ್ನೊಂದು ಮಗ್ಗುಲು ಗಂಡಾದ ನೊಣ ಹುಟ್ಟುತ್ತದೆ. ಮನುಷ್ಯರಲ್ಲೂ ಎರಡರ ಗುರುತೂ ಬೆರೆತ ಮಕ್ಕಳು ಹುಟ್ಟುತ್ತವೆ. ಇಷ್ಟು ಓದಿದ ನಿಮಗೆ ಇದು ಗೊತ್ತಿಲ್ಲವೆಂದರೆ ಆ ಓದಿಗಿಷ್ಟು ಬೆಂಕಿ ಹಾಕಿ.

ನಮ್ಮ ಬೀದಿಯ ಬೇಕರಿಯ ತಾರಸಿಯಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದವಳನ್ನು ಎಲ್ಲರೂ ಹೊಗೆಯಕ್ಕ ಎನ್ನುತ್ತಿದ್ದರು. ನೊಣಗಳನ್ನು ಸುಮ್ಮನಾಗಿಸುವ ಹೊಗೆಡಬ್ಬಿ ಅವಳ ಕೈಬಿಟ್ಟು ಇಳಿದದ್ದೇ ಇಲ್ಲ. ಅಗಲ ಭುಜ, ಒಡಕು ದನಿ.

"ಅಕ್ಕನೋ, ಅಣ್ಣನೋ?" ಎಂದು ಬೇಕರಿಯವನು ಕಿಚಾಯಿಸಿದರೆ, "ಜೇನು ಬೇಕಾದಾಗ ಏನಂತ ಹಲ್ಲು ಗಿಂಜ್ತೀಯೋ ಅದೇ" ಎನ್ನುವಳು.

ಕೂಸಾಗಿದ್ದಾಗ ಅಪ್ಪನೂ ವೈದ್ಯರೂ ಕೂತು ಇದು ಹೆಣ್ಣೇ ಎಂದು ತೀರ್ಮಾನಿಸಿ, ಹೆಚ್ಚೆನಿಸಿದ್ದನ್ನು ಕತ್ತರಿಸಿ ಹಾಕಿದ್ದರು. ಅಪ್ಪ ಸತ್ತ ಮೇಲೆ ಅಮ್ಮ ಬಾಯಿಬಿಟ್ಟಳು. ಅಲ್ಲಿಯವರೆಗೆ ಮೈಯ ನೋವೆಲ್ಲ ತನ್ನದೇ ತಪ್ಪೆಂದು ಇವಳು ನುಂಗಿಕೊಂಡಿದ್ದಳು.

ಹೋದ ಬೇಸಿಗೆಯಲ್ಲಿ ಒಂದು ಪೆಟ್ಟಿಗೆಯಲ್ಲಿ ಗಂಡುನೊಣ ಹೆಚ್ಚಿವೆ ಎಂದುಕೊಂಡು ಅದರ ಬಾಗಿಲಿಗೆ ಜಾಲರಿ ಬಡಿದಳು. ಸಣಕಲು ಹೆಣ್ಣುನೊಣ ಅದರ ಸಂದಿಯಲ್ಲಿ ನುಸುಳುತ್ತದೆ. ದಪ್ಪ ಗಂಡಿಗೆ ಆಗದು. ಮರುದಿನ ನೋಡಿದರೆ ಸಂದಿಗಳಲ್ಲೇ ಸಿಕ್ಕಿ ಸತ್ತ ನೊಣಗಳು: ತಲೆ ಹೊರಗೆ, ಮೈ ಒಳಗೆ. ಅವುಗಳ ಒಂದು ಕಣ್ಣು ಗಂಡಿನದರಂತೆ ದೊಡ್ಡದು, ಇನ್ನೊಂದು ಹೆಣ್ಣಿನದರಂತೆ ಚಿಕ್ಕದು. ಬರಿಗೈಯಲ್ಲೇ ಜಾಲರಿ ಕಿತ್ತೆಸೆದಳು.

ಅದೇ ವಾರ ಅವಳ ತಮ್ಮನಿಗೆ ಮೊಮ್ಮಗು ಹುಟ್ಟಿತು. ಆಸ್ಪತ್ರೆಯ ಪಡಸಾಲೆಯಲ್ಲಿ ಅವನು ಪಿಸುಗುಟ್ಟಿದ: "ಅಕ್ಕಾ, ಮಗು ನಿನ್ನ ಥರಾನೇ. ನಾಳೆ ಆಪರೇಷನ್ ಮಾಡಿ ಹೆಣ್ಣು ಅಂತ ಮಾಡಿಬಿಡ್ತಾರಂತೆ."

"ಹಾಲು ಕುಡಿಯುತ್ತಾ?"

"ಹೂಂ."

"ಉಚ್ಚೆ ಹೊಯ್ಯುತ್ತಾ?"

"ಅದೂ ಸರಿಯಾಗಿದೆ."

"ಮತ್ತೇನು ರೋಗ ಬಡಿದಿದೆಯೋ ಅದಕ್ಕೆ?"

"ಜನ ಕೇಳಿದ್ರೆ ಏನು ಹೇಳಲಿ? ನಿನಗೂ ಮಾಡಿಸಿದ್ರಲ್ಲ, ಗುಂಡುಕಲ್ಲಿನ ಹಾಗಿದ್ದೀಯ!"

"ಕಲ್ಲೇ ಕಣೋ. ಕೂತರೆ ನೋವು, ಎದ್ದರೆ ನೋವು. ಒಬ್ಬರನ್ನಾದರೂ ಹತ್ತಿರ ಬಿಟ್ಟುಕೊಂಡಿದ್ದೀನಾ? ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ? ಅದು ದೊಡ್ಡದಾಗಿ ತಾನೇ ಹೇಳಲಿ ಬಿಡೋ."

ತೆರೆದ ಬಾಗಿಲಾಚೆ ಮಂಚದ ಮೇಲಿಂದ ತಮ್ಮನ ಸೊಸೆ ಅತ್ತಳು: "ದೊಡ್ಡತ್ತೆ ಮಾತು ಕೇಳಿ ಮಾವಾ. ಮನೆಗೆ ಹೋಗೋಣ."

"ನೀನು ಸುಮ್ನಿರಮ್ಮ. ಹೆತ್ತು ಉದ್ಧಾರ ಮಾಡಿದ್ದು ಸಾಕು."

ಮಗುವಿನ ಅಪ್ಪ ಗೋಡೆ ನೋಡುತ್ತ ನಿಂತಿದ್ದ. ಹಾಗೆಯೇ ನೋಡುತ್ತ ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ.

ಗಾಯ ಕೀವಾಗಿ ಮತ್ತೊಮ್ಮೆ ಕತ್ತರಿಸಿದರು. ಇನ್ನೂ ಒಂದು ಸಲ ಆಗಬೇಕಂತೆ. ಹೊಗೆಯಕ್ಕ ನೋಡಲು ಹೋದರೆ ತಮ್ಮ ಬಾಗಿಲು ತೆರೆಯುವುದಿಲ್ಲ. ಪೆಟ್ಟಿಗೆಗಳನ್ನು ಯಾರಿಗೋ ಕೊಟ್ಟು ಕೈತೊಳೆದುಕೊಂಡಿದ್ದಾಳೆ. "ಒಂದು ದಿನ ಆ ಕೂಸು ಕೇಳೇ ಕೇಳುತ್ತೆ. ಆಗ ಇವರು ಯಾವ ಗೋಡೆ ನೋಡ್ತಾರೆ?" ಎಂದಳು.

ಮಾನ ಮರ್ಯಾದೆ ಎಂದು ಬಡಿದುಕೊಳ್ಳುವವರೇ, ನಿಮ್ಮ ಮನೆಯಲ್ಲೂ ಇಂಥ ಕೂಸು ಹುಟ್ಟಬಹುದು. ಈಗಲೇ ಕತ್ತರಿಸದಿದ್ದರೆ ಅದರ ಜೀವಕ್ಕೆ, ಆರೋಗ್ಯಕ್ಕೆ ಕುತ್ತಿದೆಯೇ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ಇಲ್ಲವೆಂದರೆ ಪೆನ್ನು ಕೆಳಗಿಡಿ. ಮಗುವನ್ನು ಎತ್ತಿಕೊಂಡು ಮನೆಗೆ ನಡೆಯಿರಿ.